ಹೋಮ್ ಎಡಿಷನ್ನಿಗೆ ಬೀಗ ಇರೂದಿಲ್ರಿ

ಗೋಕಾಕದ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ವಕಾಲತ್ತು, ಅಫಿಡವಿಟ್ಟು, ಆಸ್ತಿ ಪಾಲಿನ ವಾಟ್ನಿಪತ್ರ ಬಡಿದು ಬಡಿದು ಬೆರಳು ಸವೆದಿವೆ. ವಿಂಡೋಸ್ ಎಕ್ಸ್‌ಪಿ ಹೋಗಿ ಸೆವೆನ್ ಬಂತು, ಸೆವೆನ್ ಹೋಗಿ ಟೆನ್ ಬಂತು, ಪ್ರತಿ ಸಲವೂ ನಾನು ಬೈದುಕೊಂಡೇ ಹೊಸದನ್ನು ಕಲಿತೆ. ಒತ್ತಕ್ಷರ ಒಡೆಯುತ್ತಿದ್ದವು, ಪ್ರಿಂಟರು ಮುನಿಸಿಕೊಳ್ಳುತ್ತಿತ್ತು, ನಾಲ್ಕು ದಿನ ಧಡಪಡಿಸಿದರೆ ಮತ್ತೆ ಸರಿಹೋಗುತ್ತಿತ್ತು. ಈ ಬದಲಾವಣೆ ಒಂದು ಮನೆಯನ್ನು ಹೀಗೆ ಹಾಳುಮಾಡೀತು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ತಂಗಿಯನ್ನು ಮೂಡಲಗಿಗೆ ಕೊಟ್ಟಿದೆ. ಅಲ್ಲಿಯೇ ಕನ್ನಡ ಸಾಲೆಯಲ್ಲಿ ಟೀಚರಾಗಿದ್ದಳು. ಅವಳು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರೆ ರಸ್ತೆಯಲ್ಲಿ ಹೋಗುವವರಿಗೂ ಬಾಯಿಪಾಠವಾಗಬೇಕು, ಅಂಥ ದನಿ. ಆ ಗಂಟಲಲ್ಲೇ ಗಂಟು ಬೆಳೆಯಿತು. ಶಿವನಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ನಾನು ಇವತ್ತಿಗೂ ಕೇಳುತ್ತೇನೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು ಬೆಳಗಾವಿಯ ಡಾಕ್ಟರು. ಅವಳ ಮಗಳಿಗೆ ಆಗಿನ್ನೂ ಮೂರು ವರ್ಷ.

ಆಪರೇಶನ್ನಿಗೆ ಹೋಗುವ ಮುಂಚೆ ತಂಗಿ ಹಿಂದಿನ ಖೋಲಿಯ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ತನ್ನ ದನಿಯನ್ನು ತುಂಬಿಸಿಟ್ಟಳು. ನರಿಯ ಕತೆ, ಮಗ್ಗಿ, ಎಣ್ಣೆ ಹಚ್ಚುವಾಗಿನ ಮುದ್ದು, ಊಟ ಮಾಡದಿದ್ದರೆ ಬೈಯುವ ಬೈಗುಳ. ಮಗಳು ಮೈನೆರೆದಾಗ ಹೇಳಬೇಕಾದದ್ದು, ಮದುವೆಯಾಗಿ ಹೋಗುವಾಗ ಹೇಳಬೇಕಾದದ್ದು ಎಲ್ಲ ಅದರಲ್ಲಿತ್ತು. ಅವಳ ಗಂಡ, "ಫೋನ್ ಇವತ್ತ ಇರ್ತೈತಿ, ನಾಳೆ ಬಿದ್ದ ಒಡೀತೈತಿ, ಲ್ಯಾಪ್‌ಟಾಪಿನ್ಯಾಗ ಭದ್ರ ಇರ್ತೈತಿ" ಎಂದು ಎಲ್ಲವನ್ನೂ ಅದಕ್ಕೆ ಸಾಗಿಸಿ, ಫೋನಿನಲ್ಲಿದ್ದದ್ದನ್ನು ಅಳಿಸಿದ. ಮದುವೆಯ ವಿಡಿಯೋ ಒಂದಿದೆ, ಆದರೆ ಅದರ ತುಂಬ ಸಿನಿಮಾ ಹಾಡು ತುರುಕಿದ್ದಾರೆ. ಅವಳ ಬಾಯಿ ಆಡುತ್ತದೆ, ಮಾತು ಕೇಳುವುದಿಲ್ಲ.

ಆಪರೇಶನ್ನಾಯಿತು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಗಾಳಿಯನ್ನು ನುಂಗಿ, ತೇಗಿನಂತೆ ಹೊರಗೆ ತಂದು ಮಾತಾಡುವುದನ್ನು ಆಸ್ಪತ್ರೆಯಲ್ಲೇ ಕಲಿಸಿದರು. ಕಲಿತಳು ಕೂಡ. ಆದರೆ ಅದು ಒಡಕು ಗಂಡುದನಿ. ನನ್ನ ಮುಂದೆ ನಾಲ್ಕು ಮಾತಾಡಿ ನಿಲ್ಲಿಸಿಬಿಟ್ಟಳು. ಮಗಳ ಮುಂದಂತೂ ಒಂದು ಸಲವೂ ಬಾಯಿ ಬಿಡಲಿಲ್ಲ. ಯಾಕೆ ಎಂದು ಗದರಿಸಿದೆ. ಫೋನಿನಲ್ಲಿ ಟೈಪು ಮಾಡಿ ತೋರಿಸಿದಳು: "ಆಕೀಗೆ ನನ್ನ ಖರೆ ದನಿ ಐತಲ್ಲಕ್ಕಾ. ಈ ಹಾಳ ದನಿ ಯಾಕ ಕೇಳಸ್ಲಿ?"

ಹಾಗಾಗಿ ಅವರ ಮನೆಯಲ್ಲಿ ಸಂಜೆಯ ಊಟ ಲ್ಯಾಪ್‌ಟಾಪಿನ ಎದುರೇ. ಒಳಗಿನ ಅವ್ವ ಬೈಯುತ್ತಿದ್ದಳು, ಹೊರಗಿನ ಅವ್ವ ತುತ್ತು ಕೊಡುತ್ತಿದ್ದಳು. ಕೂಸು ಎರಡಕ್ಕೂ ಹೊಂದಿಕೊಂಡು ಆರು ವರ್ಷದ್ದಾಯಿತು. ನಾನು ಹೋದಾಗ ಒಳಗೊಳಗೇ ಅತ್ತು, ಹೊರಗೆ ನಗುನಗುತ್ತ ಕೂತಿರುತ್ತಿದ್ದೆ.

ಆಮೇಲೆ ಆ ಲ್ಯಾಪ್‌ಟಾಪಿನಲ್ಲಿ ಟೆನ್‌ನ ಸಪೋರ್ಟು ಮುಗಿಯುತ್ತದೆ ಎಂಬ ಸಂದೇಶ ಬರತೊಡಗಿತು. ಅದಕ್ಕೆ ಹೆದರಬೇಕಾದದ್ದೇನೂ ಇರಲಿಲ್ಲ. ಒಂದೊಂದು ವರ್ಷನ್ನಿಗೂ ಇಂತಿಷ್ಟು ಕಾಲ ಎಂದು ಕಂಪನಿಯವರು ಮೊದಲೇ ಸಾರಿರುತ್ತಾರೆ. ಅದು ಮುಗಿದ ಮಾತ್ರಕ್ಕೆ ಕಂಪ್ಯೂಟರು ನಿಲ್ಲುವುದಿಲ್ಲ. ಕಳ್ಳರು ಹೊಗುವ ಹೊಸ ಕಿಂಡಿ ಕಂಡರೆ ಮುಚ್ಚಿಕೊಡಲು ಯಾರೂ ಬರುವುದಿಲ್ಲ, ಅಷ್ಟೇ. ಇಂಟರ್‌ನೆಟ್ಟಿಗೆ ಹಚ್ಚದೆ ಮೂಲೆಯಲ್ಲಿಟ್ಟಿದ್ದರೆ ಅದು ಕೂಸಿನ ಮದುವೆಯವರೆಗೂ ಮಾತಾಡುತ್ತಿತ್ತು. ತಂಗಿಯ ಗಂಡ ನನ್ನನ್ನು ಒಂದು ಮಾತು ಕೇಳಲಿಲ್ಲ. ಎಕ್ಸ್‌ಪಿ ಕಾಲದಿಂದ ಇದರಲ್ಲೇ ಬಿದ್ದು ಏಳುತ್ತಿರುವ ನಾನು ಊರಲ್ಲಿ ಸತ್ತಿದ್ದೆನೇ? ಭದ್ರವಾಗಲಿ ಎಂದು ತಾನೇ ಬಸ್ಸು ಹತ್ತಿ ಗೋಕಾಕಕ್ಕೆ ತಂದು ಒಂದು ರಿಪೇರಿ ಅಂಗಡಿಗೆ ಕೊಟ್ಟ.

ಅಂಗಡಿಯವ ಕೆಟ್ಟವನಲ್ಲ, ಅದೇ ನನ್ನ ಸಂಕಟ. ದನಿಗಳನ್ನು ತನ್ನ ಡಿಸ್ಕಿಗೆ ಇಳಿಸಿಕೊಂಡು, ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಒರೆಸಿ ಇಲೆವೆನ್ ಹಾಕಿ, ಮತ್ತೆ ಎಲ್ಲವನ್ನೂ ತುಂಬಿ, ಕೇಳಿಸಿ ತೋರಿಸಿ ಕೊಟ್ಟ. ಇಲೆವೆನ್ ಹಾಕುವಾಗ ಒಂದು ಇ-ಮೇಲ್ ಖಾತೆ ಬೇಕೇ ಬೇಕು ಎನ್ನುತ್ತದೆ. ನಮ್ಮ ಕಡೆ ಇ-ಮೇಲು, ಪಾಸ್‌ವರ್ಡು ಯಾರು ನೆನಪಿಟ್ಟುಕೊಳ್ಳುತ್ತಾರೆ? ಫೋನು ಕೊಳ್ಳಲಿ, ಫಾರ್ಮು ತುಂಬಲಿ, ಅಂಗಡಿಯವರೇ ಒಂದು ಖಾತೆ ಹುಟ್ಟಿಸಿ ಕೊಡುವುದು ರೂಢಿ. ಇವನೂ "ನಿಮಗ್ಯಾಕ್ರಿ ತ್ರಾಸ" ಎಂದು ತಲೆಗೆ ಹೊಳೆದ ಹೆಸರಿನಲ್ಲಿ, ಅಂಗಡಿಯ ಯಾವುದೋ ಸಿಮ್ಮಿನ ನಂಬರು ಕೊಟ್ಟು ಒಂದು ಖಾತೆ ಹುಟ್ಟಿಸಿದ. ಆಮೇಲೆ ಮರೆತ. ಆ ಸಿಮ್ಮೂ ಬಂದ್ ಆಯಿತು. ಡಿಸ್ಕಿನಲ್ಲಿದ್ದ ನಕಲನ್ನೂ ಬೇರೆ ಗಿರಾಕಿಗೆ ಜಾಗ ಬೇಕೆಂದು ಅಳಿಸಿದ್ದ.

ಮಳೆಗಾಲದಲ್ಲಿ ಕರೆಂಟು ಏರಿಳಿದು ಲ್ಯಾಪ್‌ಟಾಪಿನ ಬೋರ್ಡು ಸುಟ್ಟಿತು. ಆ ಅಂಗಡಿಯವನೇ ಹೊಸ ಬೋರ್ಡು ಹಾಕಿದ. ಚಾಲೂ ಮಾಡಿದರೆ ನೀಲಿ ಪರದೆ ಬಂತು, ನಲವತ್ತೆಂಟು ಅಂಕಿಗಳ ಕೀಲಿ ಕೊಡಿ ಎಂದಿತು. ಸುದ್ದಿ ಕೇಳಿ ನಾನು ಅಂಗಡಿಗೆ ಹೋದೆ.

"ಅಕ್ಕಾರ, ನನಗೂ ತಿಳೀವಲ್ದು," ಎಂದ. "ಇದು ಹೋಮ್ ಎಡಿಷನ್. ಹೋಮ್ ಎಡಿಷನ್ನಿಗೆ ಬೀಗ ಇರೂದಿಲ್ರಿ. ಬೀಗ ಇರೂದು ಪ್ರೋದಾಗ ಅಷ್ಟ."

"ಮತ್ತ ಇದೇನು ನಿನ್ನ ತಲೀನ? ಎದುರಿಗೇ ಕುಂತೈತಲ್ಲೋ ಬೀಗ!"

ಅವನು ಹೇಳಿದ್ದು ಒಂದು ಕಾಲಕ್ಕೆ ನಿಜವೇ. ಎಡಿಷನ್ ಎಂದರೆ ಒಂದೇ ಸರಕಿನಲ್ಲಿ ಮನೆಗೊಂದು, ಕಚೇರಿಗೊಂದು ಎಂದು ಮಾಡಿದ ಬಗೆ. ಮನೆಯದಕ್ಕೆ ಹೋಮ್, ಕಚೇರಿಯದಕ್ಕೆ ಪ್ರೋ. ವರ್ಷನ್ ಎಂದರೆ ಆ ಸರಕು ಯಾವ ಕಾಲದ್ದು ಎಂಬುದು. ಅವನು ಎಡಿಷನ್ ನೋಡಿದ, ವರ್ಷನ್ ನೋಡಲಿಲ್ಲ. ಇಲೆವೆನ್‌ನಲ್ಲೇ ಆಮೇಲೆ ಬಂದ ವರ್ಷನ್ನು ಹೊಸದಾಗಿ ಹಾಕಿದರೆ, ಹೋಮ್ ಆದರೂ ತಾನಾಗಿಯೇ ಒಳಗಿನದನ್ನೆಲ್ಲ ಬೀಗ ಹಾಕಿಕೊಂಡು, ಕೀಲಿಯನ್ನು ಆ ಇ-ಮೇಲ್ ಖಾತೆಯಲ್ಲಿ ಇಡುತ್ತದೆ. ಬೋರ್ಡು ಬದಲಾದರೆ ಕಳ್ಳ ಬಂದನೆಂದು ತಿಳಿದು ಕೀಲಿ ಕೇಳುತ್ತದೆ. ನಾನೂ ಇದನ್ನೆಲ್ಲ ತಿಳಿದದ್ದು ಆ ವಾರದಲ್ಲೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಖಾತೆಗಾಗಿ ಅವನು ತನಗೆ ನೆನಪಾದ ಹೆಸರನ್ನೆಲ್ಲ ಹಾಕಿ ನೋಡಿದ. ಯಾವುದೂ ಹೊಂದಲಿಲ್ಲ. ನಾನು ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹುಕ್ಕೇರಿ ಕಡೆ ಹೋದೆ. ಅಲ್ಲಿನ ನಿಡಸೋಸಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಗುರುತಿನ ಮಾಸ್ತರರೊಬ್ಬರಿದ್ದಾರೆ. ಅವರು ಬಹಳ ಹೊತ್ತು ನೋಡಿ, ಚಹಾ ತರಿಸಿದರು. ಚಹಾ ಬಂದಾಗಲೇ ನನಗೆ ಗೊತ್ತಾಯಿತು.

"ದನಿ ಎಲ್ಲಾ ಒಳಗ ಹಂಗ ಅದಾವ್ರಿ ಅಕ್ಕಾರ," ಎಂದರು. "ಆದ್ರ ಕೀಲಿ ಇಲ್ದ ತಗ್ಯಾಕ ಬರೂದಿಲ್ಲ. ಇದನ್ನ ಮಾಡಿದವ್ರಿಗೂ ಬರೂದಿಲ್ಲ. ಇಟಗೋರಿ, ಮುಂದ ಎಂದಾರ ದಾರಿ ಸಿಕ್ಕರ ಸಿಕ್ಕೀತು."

ಒಳಗೆ ಹಾಗೇ ಇವೆ! ಆ ಒಂದು ಮಾತಿಗೆ ನಾನು ಜೋತುಬಿದ್ದೆ. ತಂಗಿಗೂ ಅದನ್ನೇ ಹೇಳಿದೆ. ಕೂಸು ದಿನಾ ಸಂಜೆ ತಾಟಿನ ಮುಂದೆ ಕೂತು, "ಅವ್ವಾ, ಇವತ್ತ ಬೀಗ ತಗೀತೇನು?" ಎಂದು ಕೇಳುತ್ತಿತ್ತು. ಇಲ್ಲ ಎಂದು ಕೈ ಆಡಿಸಿದರೆ ತಾಟು ದೂಡಿ ಏಳುತ್ತಿತ್ತು. ಒಂದು ದಿನ, "ನನ್ನ ಅವ್ವ ಬಂದ ಮ್ಯಾಲ ಉಣ್ಣತೇನಿ" ಎಂದಿತಂತೆ. ತುತ್ತು ಹಿಡಿದು ಎದುರಿಗೆ ಕೂತವಳು ಯಾರು ಹಾಗಾದರೆ? ಆ ಮಾತನ್ನು ತಂಗಿ ನನಗೆ ಟೈಪು ಮಾಡಿ ತೋರಿಸಿದಳು.

ಮರುದಿನ ಅವಳು ಕೂಸನ್ನು ಕರೆದುಕೊಂಡು, ಲ್ಯಾಪ್‌ಟಾಪು ಹಿಡಿದುಕೊಂಡು ಗೋಕಾಕಕ್ಕೆ ಬಂದಳು. ಕೂಸನ್ನು ನನ್ನ ಮನೆಯಲ್ಲಿ ಬಿಟ್ಟು ನಾವಿಬ್ಬರೂ ಅಂಗಡಿಗೆ ಹೋದೆವು. ಎಲ್ಲ ಒರೆಸಿ ಹೊಸದಾಗಿ ಹಾಕಿಕೊಡು ಎಂದು ಫೋನು ಅವನ ಮುಂದೆ ಹಿಡಿದಳು. ನನ್ನ ಮೈ ಉರಿದುಹೋಯಿತು.

"ಹುಚ್ಚ ಹಿಡದೈತೇನ ನಿನಗ? ಒಳಗ ಅದಾವ ಅಂತ ಮಾಸ್ತರ ಹೇಳ್ಯಾರ. ಇರವಲ್ದ್ಯಾಕ ಮೂಲ್ಯಾಗ?"

ಅವಳು ಬರೆದಳು: "ಇದು ಇರೂತನಕ ಆಕೀಗೆ ನಾನ ಖರೆ ಅವ್ವ ಅನಸೂದಿಲ್ಲ. ದಿನಾ ಸಾಯಾಕತ್ತೇನಿ. ಒಮ್ಮೆ ಮುಗೀಲಿ."

ಅಂಗಡಿಯವನ ಕಣ್ಣಲ್ಲಿ ನೀರಿತ್ತು. ಪೆನ್‌ಡ್ರೈವ್ ಚುಚ್ಚಿ, ಎಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳುವ ಜಾಗಕ್ಕೆ ತಂದು ನಿಲ್ಲಿಸಿದ. "ನಾ ಒತ್ತೂದಿಲ್ರಿ ಅಕ್ಕಾರ, ನನ್ನ ಕೈಲೆ ಆಗೂದಿಲ್ಲ" ಎಂದು ಎದ್ದು ನಿಂತ. ನಾನು ತಂಗಿಯ ರಟ್ಟೆ ಹಿಡಿದೆ. ಅವಳು ಬಿಡಿಸಿಕೊಂಡು ತಾನೇ ಒತ್ತಿದಳು. ನಡುಬಜಾರಿನಲ್ಲಿ ನಾನು ಅವಳನ್ನು ಬಾಯಿಗೆ ಬಂದಂತೆ ಬೈದೆ. "ನಿನ್ನ ಕೈ ಸೇದಿ ಹೋಗ್ಲಿ" ಎಂದೆ. ಆಡಬಾರದ ಮಾತು, ಆಡಿದೆ. ಅವಳ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಆಟೋ ಹಿಡಿದು ಮನೆಗೆ ಬಂದೆವು. ಮನೆಯ ಕದ ತೆಗೆದ ಸಪ್ಪಳಕ್ಕೆ ಕೂಸು ಅಡುಗೆಮನೆಯಿಂದಲೇ ಕೂಗಿತು, "ಅವ್ವಾ, ತಗೀತೇನು?"

ತಂಗಿ ಹೊಸ್ತಿಲಲ್ಲಿ ನಿಂತಳು. ಫೋನು ಕೈಯಲ್ಲೇ ಇತ್ತು, ಅದನ್ನು ಎತ್ತಲಿಲ್ಲ. ಗಾಳಿ ನುಂಗಿದಳು. ಕತ್ತಿನ ನರ ಬಿಗಿದವು.

"ಇಲ್ಲವ್ವಾ," ಎಂದಳು. "ಹೋತು."

ಒಳಗೆ ತಾಟಿನ ಸಪ್ಪಳ ನಿಂತಿತು. ಕೂಸು ಅಲ್ಲಿಂದಲೇ ಕೇಳಿತು:

"ಅವ್ವಾ, ನಿನ್ನ ಕೂಡ ಯಾರ ಬಂದಾರ?"