ನಾಲ್ಕು ಕೋಣೆಯ ಪರದೆ

ರದ್ದಿಗೆ ಹಾಕೋಣವೆಂದು ಹಳೆಯ ಪಾಠಟಿಪ್ಪಣಿ ಪುಸ್ತಕಗಳನ್ನು ಅಟ್ಟದಿಂದ ಇಳಿಸುತ್ತಿದ್ದೆ. ಒಂದರ ನಡುವಿನಿಂದ ಹರಿದ ಮದುವೆ ಕಾಗದವೊಂದು ಜಾರಿ ಬಿತ್ತು. ಅದರ ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ಬರೆದ ಒಂದು ಮನೆ. ಸಾಲಾಗಿ ನಾಲ್ಕು ಕೋಣೆ: ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು. ಕೋಣೆಯಿಂದ ಕೋಣೆಗೆ ಬಾಣದ ಗುರುತು, ಕೆಳಗೆ ಕಂಟ್ರೋಲ್, ಆಲ್ಟ್ ಎಂದು ಕನ್ನಡದಲ್ಲೇ ಬರೆದಿತ್ತು. ಬೇರೆ ಯಾರಾದರೂ ನೋಡಿದ್ದರೆ ಮನೆ ಕಟ್ಟಿಸುವ ನಕ್ಷೆ ಎಂದುಕೊಳ್ಳುತ್ತಿದ್ದರು. ನಾನು ಏಣಿಯ ಕೆಳಮೆಟ್ಟಿಲ ಮೇಲೆ ಕುಳಿತುಬಿಟ್ಟೆ...

ಅದನ್ನು ಬರೆದುಕೊಟ್ಟವರು ನಮ್ಮ ಶಾಲೆಯ ಕಂಪ್ಯೂಟರ್ ಮೇಡಂ. ಆಗ ನಾನು ತಾಳ್ಯ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಹತ್ತನೇ ತರಗತಿಯ ಉಸ್ತುವಾರಿಯೂ ನನ್ನದೇ. ಮೇಡಂ ಐಮಂಗಲದ ಕಡೆಯವರು, ಗುತ್ತಿಗೆ ಮೇಲೆ ಬಂದವರು. ಹೊಳಲ್ಕೆರೆಯಲ್ಲಿ ಕೋಣೆ ಹಿಡಿದುಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ವಯಸ್ಸು ಇಪ್ಪತ್ನಾಲ್ಕೋ ಇಪ್ಪತ್ತೈದೋ. ನನ್ನ ಶಿಷ್ಯೆಯರಿಗಿಂತಲೂ ಚಿಕ್ಕವರಂತೆ ಕಾಣುತ್ತಿದ್ದ ಆ ಹುಡುಗಿಯನ್ನು 'ಮೇಡಂ' ಎನ್ನಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ. 'ಏನಮ್ಮ' ಎನ್ನುತ್ತಿದ್ದೆ.

ಶಾಲೆಗೆ ಬಂದಿದ್ದ ಹತ್ತು ಕಂಪ್ಯೂಟರುಗಳಲ್ಲಿ ಇದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಮೌಸುಗಳ ಹೊಟ್ಟೆಯೊಳಗಿನ ಗುಂಡನ್ನು ಹುಡುಗರು ಗೋಲಿಯಾಟಕ್ಕೆ ಎಗರಿಸಿ, ಮೊದಲ ವರ್ಷದಲ್ಲೇ ಅವುಗಳನ್ನು ಕೆಲಸಕ್ಕೆ ಬಾರದಂತೆ ಮಾಡಿಟ್ಟಿದ್ದರು. ಹಾಗಾಗಿ ಮೇಡಂ ಎಲ್ಲವನ್ನೂ ಕೀಲಿಮಣೆಯಲ್ಲೇ ಕಲಿಸಿದರು. ಒಂದೇ ಪರದೆಯಲ್ಲಿ ನಾಲ್ಕು ಪರದೆ ಇವೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದು ಎಂದರೆ ಮಕ್ಕಳಿಗೆ ಅರ್ಥವಾಗದೆ, ಗೋಡೆಯ ಮೇಲೆ ಈ ಮನೆಯನ್ನು ಬರೆದರು. ಕಂಟ್ರೋಲ್, ಆಲ್ಟ್ ಎರಡನ್ನೂ ಅದುಮಿಕೊಂಡು ಬಲಬಾಣ ಒತ್ತಿದರೆ ಪಡಸಾಲೆಯಿಂದ ನಡುಮನೆಗೆ. ಒಂದೇ ಕೋಣೆಯಲ್ಲಿ ತೆರೆದಿಟ್ಟ ಕಿಟಕಿಗಳಲ್ಲಿ ಓಡಾಡಲು ಆಲ್ಟ್ ಮತ್ತು ಟ್ಯಾಬ್. "ಯಾವ ಸಾಮಾನು ಯಾವ ಕೋಣ್ಯಾಗೆ ಐತೆ ಅನ್ನೋದು ಗೊತ್ತಿರ್ಬೇಕು, ಅಷ್ಟೇಯ" ಎನ್ನುತ್ತಿದ್ದರು. ಹದಿನೈದು ದಿನದಲ್ಲಿ ಮಕ್ಕಳು ಕಣ್ಣುಮುಚ್ಚಿ ಓಡಾಡತೊಡಗಿದರು. ನಾನು ಕಲಿಯಲಿಲ್ಲ. ಮದುವೆ ಕಾಗದದ ಹಿಂದೆ ಬರೆದುಕೊಟ್ಟದ್ದನ್ನು ಪುಸ್ತಕದಲ್ಲಿ ಸಿಕ್ಕಿಸಿ ಸುಮ್ಮನಾದೆ.

ಆ ವರ್ಷ ಹತ್ತನೇ ತರಗತಿ ಪರೀಕ್ಷೆಗೆ ಕೂರುವವರ ಹೆಸರುಗಳನ್ನು ಆನ್‌ಲೈನಿನಲ್ಲಿ ಸೇರಿಸಬೇಕಿತ್ತು. ಕೊನೆಯ ದಿನ ಸಂಜೆ ಐದಕ್ಕೆ ಆ ಜಾಲತಾಣದ ಬಾಗಿಲು ಬಂದ್. ನನ್ನ ಹತ್ತಿರ ಎರಡು ವಾರ ಸಮಯವಿತ್ತು. ಆದರೆ ಅಷ್ಟು ಚಿಕ್ಕ ಮೇಡಂ ಪಕ್ಕ ಕುಳಿತು 'ಇದೇನಮ್ಮ, ಅದೇನಮ್ಮ' ಎಂದು ಕೇಳಲು ಜಂಬ ಅಡ್ಡ ಬಂತು. ಹೆಡ್‌ಮಾಸ್ಟರು ಕೇಳಿದಾಗಲೆಲ್ಲ 'ಆಗ್ತಾ ಬಂತು ಸಾರ್' ಎಂದು ತಾರಮ್ಮಯ್ಯ ಆಡಿಸಿದೆ. ಮೇಡಂ ತಾವಾಗಿಯೇ ಬಂದು ರಿಜಿಸ್ಟರ್ ಕೇಳಿದರೂ ಕೊಡಲಿಲ್ಲ. ಕೊನೆಗೆ ಕಡೆಯ ದಿನ ಬೆಳಿಗ್ಗೆ, ಬೇರೆ ದಾರಿ ಕಾಣದೆ, ರಿಜಿಸ್ಟರನ್ನು ಅವರ ಮುಂದಿಟ್ಟೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಊಟವನ್ನೂ ಬಿಟ್ಟು ಕುಳಿತರು.

ನಾಲ್ಕೂಕಾಲಿಗೆ ಉಳಿದದ್ದು ಒಂದೇ ಹೆಸರು. ಆ ವಿದ್ಯಾರ್ಥಿನಿ ಬೇರೊಂದು ಶಾಲೆಯಲ್ಲಿ ಒಂಬತ್ತು ಮುಗಿಸಿ, ಓದು ಬಿಟ್ಟು ಹೊಲದ ಕೂಲಿಗೆ ಹೋಗುತ್ತಿದ್ದಳು. ಮೂರು ಸಲ ಅವಳ ಮನೆಗೆ ನಡೆದು ಅಪ್ಪನನ್ನು ಒಪ್ಪಿಸಿ ಕರೆತಂದವನು ನಾನೇ. "ಈ ವರ್ಷ ಒಂದೇ ನೋಡ್ರಿ ಮೇಷ್ಟ್ರೇ. ಬರೆದ್ರೆ ಬರೀಲಿ. ಇಲ್ಲಂದ್ರೆ ಗಂಡು ನೋಡಿಟ್ಟೀನಿ" ಎಂದು ಆತ ಮುಖಕ್ಕೆ ಹೊಡೆದಂತೆ ಹೇಳಿದ್ದ. ಅವಳ ಹಿಂದಿನ ಶಾಲೆಯ ವಿವರಗಳು ತಡವಾಗಿ ಬಂದದ್ದರಿಂದ ಹೆಸರು ಪಟ್ಟಿಯ ತುದಿಗೆ ಬಿದ್ದಿತ್ತು.

ಮೇಡಂ ನೀರು ಕುಡಿಯಲು ಎದ್ದರು. ಒಂದು ಹೆಸರು ತಾನೇ ಎಂದು ನಾನು ಕೀಲಿಮಣೆಗೆ ಕೈ ಹಾಕಿದೆ. ಏನು ಒತ್ತಿದೆನೋ, ಅರ್ಜಿ ಮಾಯ. ಖಾಲಿ ನೀಲಿ ಪರದೆ. ದಿನವೆಲ್ಲ ಮಾಡಿದ ಕೆಲಸ ನೀರಲ್ಲಿ ಹೋಮವಾಯಿತೆಂದು ಕೂಗಾಡಿದೆ. ಆರಿಸಿ ಮತ್ತೆ ಹಚ್ಚೋಣವೆಂದು ಗುಂಡಿಗೆ ಕೈ ಚಾಚಿದಾಗ ಮೇಡಂ ಓಡಿ ಬಂದು ನನ್ನ ಕೈ ಹಿಡಿದರು.

"ಮುಟ್ಬ್ಯಾಡ್ರಿ ಸಾರ್! ಎಲ್ಲೂ ಹೋಗಿಲ್ಲ ಅದು. ನೀವು ಹಿತ್ಲಿಗೆ ಬಂದೀರಿ. ಅರ್ಜಿ ಪಡಸಾಲ್ಯಾಗೇ ಐತೆ."

ಮೂರು ಸಲ ಎಡಬಾಣ ಒತ್ತಿದರು. ಅರ್ಜಿ ಇದ್ದಲ್ಲೇ ಇತ್ತು. ನಾನು ಉಸಿರು ಬಿಡುವಷ್ಟರಲ್ಲಿ ಕರೆಂಟು ಹೋಯಿತು.

ಮೂಲೆಯಲ್ಲಿದ್ದ ಯುಪಿಎಸ್ ಕೀಂ ಕೀಂ ಎಂದು ಅರಚತೊಡಗಿತು. ಅದರ ಬ್ಯಾಟರಿ ಮುಪ್ಪಾಗಿ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ. ಮೇಡಂ ಉಳಿದ ಕಂಪ್ಯೂಟರುಗಳ ವೈರುಗಳನ್ನೆಲ್ಲ ಕಿತ್ತರು. ಆಮೇಲೆ ದಪ್ಪ ಬೆನ್ನಿನ ಆ ಮಾನಿಟರನ್ನೂ ಆರಿಸಿಬಿಟ್ಟರು. ಇವರಿಗೆ ತಲೆ ಕೆಟ್ಟಿತೇ ಎಂದು ನನಗೆ ಅನಿಸಿತು.

"ಕರೆಂಟು ಜಾಸ್ತಿ ತಿನ್ನೋದು ಇದೇ ಸಾರ್. ಬೆಳಿಗ್ಗಿಂದ ಇದನ್ನೇ ತುಂಬ್ತಾ ಇದೀನಿ, ಯಾವ ಖಾನೆ ಆದ್ಮೇಲೆ ಯಾವ್ದು ಅಂತ ಕೈಗೆ ಗೊತ್ತೈತೆ. ನೀವು ಓದ್ರಿ."

ನಾನು ರಿಜಿಸ್ಟರ್ ನೋಡಿ ಓದಿದೆ. ಹುಡುಗಿಯ ಹೆಸರು. ಟ್ಯಾಬ್. ಅಪ್ಪನ ಹೆಸರು. ಟ್ಯಾಬ್. ಅವ್ವನ ಹೆಸರು, ಹುಟ್ಟಿದ ದಿನ... ಕಪ್ಪು ಗಾಜಿನೆದುರು ಅವರ ಬೆರಳುಗಳು ನಡೆಯುತ್ತಿದ್ದವು. ಹಿಂದಿನ ಶಾಲೆಯ ಉದ್ದದ ನೋಂದಣಿ ಸಂಖ್ಯೆ ನನ್ನ ರಿಜಿಸ್ಟರಿನಲ್ಲಿ ಇರಲಿಲ್ಲ, ಅದನ್ನು ಅವರು ಬೇರೆ ಕಡತದಲ್ಲಿ ಬರೆದಿಟ್ಟು ನಡುಮನೆಯಲ್ಲಿ ತೆರೆದಿಟ್ಟಿದ್ದರು. "ನಡುಮನಿಗೆ ಬಂದೆ" ಎಂದು ತಮಗೆ ತಾವೇ ಹೇಳಿಕೊಂಡರು. "ಎತ್ಕೊಂಡೆ. ಈಗ ಪಡಸಾಲಿಗೆ..."

"ಸರಿಯಾಗಿ ಬಂದ್ಯೇನಮ್ಮ? ಅಡುಗೆಮನೆಗೆ ಹೋಗ್ಲಿಲ್ಲ ತಾನೇ?" ಎಂದು ನಾನು ನಡುವೆ ಬಾಯಿ ಹಾಕಿದೆ.

ಬೆರಳು ನಿಂತವು. ನನ್ನ ಗದ್ದಲದಲ್ಲಿ ಅವರ ಲೆಕ್ಕ ತಪ್ಪಿತ್ತು. ಯುಪಿಎಸ್ಸಿನ ಅರಚಾಟ ಬಿರುಸಾಗುತ್ತಿತ್ತು. "ಒಂದ್ ಗಳಿಗೆ ಸುಮ್ಕಿರ್ರಿ ಸಾರ್" ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಹಾಗೆಂದವರು ಅವರೊಬ್ಬರೇ. ನಂತರ ಎಡಬಾಣವನ್ನು ಟಕಟಕನೆ ಐದಾರು ಸಲ ಒತ್ತಿದರು. "ಎಷ್ಟ್ ಒತ್ತಿದ್ರೂ ಪಡಸಾಲಿಂದ ಆಚೆ ಹೋಗಾಕಾಗಲ್ಲ. ಅಲ್ಲಿಗೆ ಗೋಡೆ ಐತೆ" ಎಂದು ಸಂಖ್ಯೆಯನ್ನು ಅಲ್ಲಿ ಇಳಿಸಿ, ಮಾನಿಟರ್ ಹಚ್ಚಿದರು.

ಆ ಪರದೆಗೆ ಬೆಳಕು ಬರಲು ಹಿಡಿದ ಹೊತ್ತು ನನಗೆ ಒಂದು ಯುಗವಾಯಿತು. ಎಲ್ಲ ಸರಿಯಾಗಿತ್ತು, ಒಂದಕ್ಷರ ತಪ್ಪಿರಲಿಲ್ಲ. ಸಲ್ಲಿಸು ಎನ್ನುವಲ್ಲಿಗೆ ಹೋಗಿ ಎಂಟರ್ ಒತ್ತಿದರು. ಸಣ್ಣ ಚಕ್ರವೊಂದು ತಿರುಗತೊಡಗಿತು. ಅದು ತಿರುಗುತ್ತಿದ್ದಂತೆಯೇ ಯುಪಿಎಸ್ ಉದ್ದಕ್ಕೆ ಒಮ್ಮೆ ಕೂಗಿ ಸತ್ತಿತು.

ಹೋಯಿತೋ ಇಲ್ಲವೋ ಇಬ್ಬರಿಗೂ ಗೊತ್ತಾಗಲಿಲ್ಲ. ಕರೆಂಟು ಬಂದದ್ದು ಆರೂವರೆಗೆ, ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. "ಹೋಗಿರ್ಬೇಕು ಸಾರ್..." ಎಂದು ಮೇಡಂ ರಿಜಿಸ್ಟರನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು.

ಮರುದಿನ ಹೆಡ್‌ಮಾಸ್ಟರು ನನ್ನಿಂದ ಲಿಖಿತ ಉತ್ತರ ಕೇಳಿದರು. ನಾನು ಬರೆದೆ, ಒಳ್ಳೆಯ ಕನ್ನಡದಲ್ಲೇ ಬರೆದೆ: 'ಗಣಕಯಂತ್ರ ಶಿಕ್ಷಕಿಯ ವಿಧಾನಗಳು ಗೊಂದಲಮಯವಾಗಿದ್ದುದರಿಂದ ವಿಳಂಬವುಂಟಾಯಿತು.' ನನ್ನ ಎರಡು ವಾರದ ಸೋಮಾರಿತನದ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಪ್ಪತ್ತು ದಿನದಲ್ಲಿ ಅವರ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ನನ್ನ ಕಾಗದವೇ ಕಾರಣವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಗೊತ್ತಿತ್ತು.

ಎರಡು ತಿಂಗಳ ಮೇಲೆ ಪ್ರವೇಶಪತ್ರಗಳು ಬಂದವು. ಹುಡುಗಿಯದೂ ಇತ್ತು. ಆ ದಿನಗಳಲ್ಲಿ ಮೇಡಂ ಶಾಲೆಗೆ ಮೂರು ಸಲ ಫೋನು ಮಾಡಿ ನನ್ನನ್ನು ಕೇಳಿದರು. ಕಾಗದದ ವಿಷಯ ತೆಗೆದು ಜಗಳವಾಡುತ್ತಾರೆಂದು ಹೆದರಿ, ಮೂರು ಸಲವೂ ಜವಾನನ ಕೈಲಿ 'ಕ್ಲಾಸಿನಲ್ಲಿದ್ದಾರೆ' ಎಂದು ಹೇಳಿಸಿದೆ. ಮತ್ತೆ ಫೋನು ಬರಲಿಲ್ಲ. ಆ ಹುಡುಗಿ ಈಗ ಚಿತ್ರದುರ್ಗದಲ್ಲಿ ನರ್ಸು. ನನ್ನ ನಿವೃತ್ತಿಯ ದಿನ ಬಂದು, 'ನಿಮ್ಮಿಂದ ನನ್ನ ಬಾಳು ಉಳೀತು ಸಾರ್' ಎಂದು ಶಾಲು ಹೊದಿಸಿದಳು. ನಾನು ನಾಚಿಕೆಯಿಲ್ಲದೆ ಹೊದ್ದುಕೊಂಡೆ.

ಏಣಿಯಿಂದ ಎದ್ದ ಮರುದಿನವೇ ಬಸ್ಸು ಹತ್ತಿ ಐಮಂಗಲಕ್ಕೆ ಹೋದೆ. ಹೆದ್ದಾರಿಯ ಪಕ್ಕ ಮೇಡಂ ಅವರ ಅಣ್ಣನ ಪಂಕ್ಚರ್ ಅಂಗಡಿ ಇತ್ತು. ತಂಗಿ ಮದುವೆಯಾಗಿ ಆಂಧ್ರದ ಕಡೆ ಹೋಗಿದ್ದಾಳೆ, ಮತ್ತೆ ಕಂಪ್ಯೂಟರ್ ಕೆಲಸಕ್ಕೆ ಹೋಗಲಿಲ್ಲ ಎಂದು ಹೇಳಿ ನಂಬರು ಕೊಟ್ಟರು. ಅಲ್ಲೇ ಟೈರುಗಳ ನಡುವೆ ನಿಂತು ಫೋನು ಹಚ್ಚಿದೆ. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಇಂಥವನು ಎಂದು ಹೇಳಿದೆ.

"ಸಾರ್... ಆ ಹುಡುಗಿ ಹೆಸ್ರು ಬಂದಿತ್ತೇನ್ರಿ?"

ಅವರು ಫೋನು ಮಾಡುತ್ತಿದ್ದದ್ದು ಅದಕ್ಕೆ! ಬಂದಿತ್ತಮ್ಮ, ಪಾಸಾದಳು, ನರ್ಸು ಆಗಿದ್ದಾಳೆ ಎಂದೆ. ಜೋಡಿಸಿಕೊಂಡ ಕ್ಷಮೆಯ ಮಾತಿಗೆ ನಾನಿನ್ನೂ ಬಂದಿರಲಿಲ್ಲ. ಆ ಕಡೆ ಅವರು ಅಳುತ್ತಿದ್ದುದು ಕೇಳಿಸುತ್ತಿತ್ತು.

"ನನ್ನಿಂದ ಆ ಕೂಸಿನ ಬಾಳು ಹಾಳಾತು ಅಂತ ಇಷ್ಟ್ ವರ್ಷ..." ಎಂದರು. "ಒಂದ್ ಮಾತು ಹೇಳಿ ಕಳಿಸ್ಬಾರದಾಗಿತ್ತೇನ್ರಿ ಸಾರ್?"

ಅವರು ಫೋನು ಇಟ್ಟ ಮೇಲೆ ನಾನು ಇನ್ನೊಮ್ಮೆ ಮಾಡಿದೆ. ಎತ್ತಲಿಲ್ಲ.