ಅಟ್ಟದ ಮೇಲೆ ಆರು ಸಾವಿರ ಕಾಯಿ, ನನ್ನದು ಒಂದೇ ಸಾಲಿನ ಕೋಡ್

1989ರಲ್ಲಿ ನಾನು ತಿಪಟೂರಿನ ಒಂದು ತೆಂಗು ಬೆಳೆಗಾರರ ಸಂಘದಲ್ಲಿ ಪ್ರೋಗ್ರಾಮರ್ ಆಗಿದ್ದೆ. ಸಂಘಕ್ಕೆ ಇದ್ದದ್ದು ಒಂದೇ ಕಂಪ್ಯೂಟರು, ಅದಕ್ಕೆ ಒಬ್ಬಳೇ ಪ್ರೋಗ್ರಾಮರು. ನನಗೆ ಆಗ ಇಪ್ಪತ್ತಾರು ವರ್ಷ. ಆ ಯಂತ್ರ ಮುಟ್ಟುವ ಅಧಿಕಾರ ನನಗೊಬ್ಬಳಿಗೇ ಎಂಬ ಜಂಬಕ್ಕೆ ಮಿತಿಯೇ ಇರಲಿಲ್ಲ. ಕಾರ್ಯದರ್ಶಿ ಶಂಕರಪ್ಪನವರು ಕೂಡ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲು ತಟ್ಟಿ ನನ್ನ ಕೋಣೆಗೆ ಬರುತ್ತಿದ್ದರು.

ನಮ್ಮ ಕಡೆಯ ಉಂಡೆ ಕೊಬ್ಬರಿ ಅವಸರದಲ್ಲಿ ಆಗುವಂಥದ್ದಲ್ಲ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾದ ಮೇಲೆಯೇ ಸುಲಿಯುವುದು. ಮೊದಲೇ ಸುಲಿದರೆ ಅದು ಅಡುಗೆಮನೆಯ ಕಾಯಿ ಅಷ್ಟೆ, ಮತ್ತೆ ಅಟ್ಟಕ್ಕೆ ಹಾಕಿದರೂ ಕೊಬ್ಬರಿಯಾಗದು. ಸಂಘದಲ್ಲಿ ಮುನ್ನೂರು ಸದಸ್ಯರು, ಸುಲಿಯುವ ತಂಡ ಮಾತ್ರ ಒಂದೇ. ಹಾಗಾಗಿ ಸರದಿ ಪಟ್ಟಿ ಇತ್ತು, ಅದಕ್ಕೊಂದು ಬಿಗಿಯಾದ ನಿಯಮವೂ ಇತ್ತು. ಬಾಗಿಲಿಗೆ ಬಂದ ತಂಡವನ್ನು ವಾಪಸ್ಸು ಕಳಿಸಿದರೆ ಆ ಮನೆಯ ಸರದಿ ಆ ವರ್ಷಕ್ಕೆ ಹೋದಂತೆಯೇ, ಹೊರಗೆ ಬೇರೆ ಸುಲಿಯುವವರೂ ಸಿಗುತ್ತಿರಲಿಲ್ಲ.

ಈ ಪಟ್ಟಿಗಾಗಿ ಶಂಕರಪ್ಪನವರು ಎರಡು ವಾರ ರಿಜಿಸ್ಟರು ಮಗುಚುತ್ತಿದ್ದರು. ನಾನು ಮಾಡಿಕೊಡುತ್ತೇನೆಂದು ಹೇಳಿ ಕೂತೆ. ಗೆಳತಿಯೊಬ್ಬಳು ಕಳಿಸಿದ ಫ್ಲಾಪಿಗಳಿಂದ ಆಗಷ್ಟೇ ಸಿ ಪ್ಲಸ್ ಪ್ಲಸ್ ಎಂಬ ಹೊಸ ಭಾಷೆ ಕಲಿಯುತ್ತಿದ್ದೆ. ಊಟ ತಿಂಡಿಯ ಮೇಲೆ ಗಮನವಿಲ್ಲದಷ್ಟು ಹುಚ್ಚು ಹಿಡಿದಿತ್ತು.

ಆ ಭಾಷೆಯಲ್ಲಿ ಕ್ಲಾಸ್ ಎಂದರೆ ಖಾಲಿ ಫಾರಂ ಇದ್ದಂತೆ, ಆಬ್ಜೆಕ್ಟ್ ಎಂದರೆ ಭರ್ತಿಯಾದ ಫಾರಂ. ನಾನು ಎರಡು ಕ್ಲಾಸ್ ಮಾಡಿದ್ದೆ: ಅಟ್ಟದಲ್ಲಿರುವುದಕ್ಕೆ ‘ಕಾಯಿ’, ಸುಲಿಯಲು ಸಿದ್ಧವಾದದ್ದಕ್ಕೆ ‘ಕೊಬ್ಬರಿ’. ಎರಡರಲ್ಲೂ ನಾಲ್ಕೇ ಅಂಕಣ. ಸದಸ್ಯರ ಹೆಸರು, ಊರು, ಎಣಿಕೆ, ಕೊನೆಗೊಂದು ದಿನಾಂಕ. ಕಾಯಿ ಆಬ್ಜೆಕ್ಟನ್ನು ಕೊಬ್ಬರಿ ಆಬ್ಜೆಕ್ಟಾಗಿ ಬದಲಾಯಿಸಿದರೆ ಪಟ್ಟಿ ತಾನಾಗಿ ಹೊರಬರುತ್ತಿತ್ತು.

ಸರಿಯಾದ ದಾರಿಯೆಂದರೆ ಒಂದೊಂದು ಅಂಕಣವನ್ನೂ ಪರೀಕ್ಷಿಸಿ ತುಂಬುವ ಫಂಕ್ಷನ್ ಬರೆಯುವುದು. ಅದಕ್ಕೆ ಒಂದು ವಾರ ಬೇಕಿತ್ತು, ನನಗೆ ಅಷ್ಟು ಪುರಸೊತ್ತಿರಲಿಲ್ಲ. ಕಾಯಿಯನ್ನು ನೇರವಾಗಿ ಕೊಬ್ಬರಿ ಎಂದು ಬರೆದಾಗ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಪ್ರೋಗ್ರಾಮು, ಇವೆರಡೂ ಬೇರೆ ಬೇರೆ ಎಂದು ತಕರಾರು ತೆಗೆಯಿತು. ಟೈಪ್ ಕಾಸ್ಟ್ ಎಂಬುದೊಂದಿದೆ. ‘ನನಗೆ ಗೊತ್ತು, ನೀನು ಸುಮ್ಮನಿರು’ ಎಂದು ಕಂಪೈಲರಿಗೆ ಗದರುವ ವಿದ್ಯೆ ಅದು. ಒಂದೇ ಸಾಲು ಬರೆದು ಅದರ ಬಾಯಿ ಮುಚ್ಚಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುನ್ನೂರೂ ಸದಸ್ಯರ ಕಾಯಿ ಕೊಬ್ಬರಿಯಾಯಿತು! ಪ್ರಿಂಟರಿನಿಂದ ಉದ್ದನೆಯ ಕಾಗದ ಇಳಿಯುತ್ತಿದ್ದರೆ ನಾನು ಕುರ್ಚಿ ಬಿಟ್ಟು ಕುಣಿದೆ, ಸುಳ್ಳು ಹೇಳುವುದಿಲ್ಲ.

ಪಟ್ಟಿ ಶುರುವಾಗಿದ್ದು ದಬ್ಬೇಘಟ್ಟ ಹೋಬಳಿಯಿಂದ, ಒಂದೊಂದು ಹೋಬಳಿಯಲ್ಲೂ ಹಳೆಯ ಕಾಯಿ ಇದ್ದವರ ಹೆಸರು ಮೊದಲು. ಶಂಕರಪ್ಪನವರು ಮೇಲಿನ ಮೂರು ಹೆಸರನ್ನು ರಿಜಿಸ್ಟರಿನೊಡನೆ ತಾಳೆ ನೋಡಿದರು. ಮೂರೂ ಸರಿಯಿದ್ದವು. ಮೂರು ದಿನ ಮೂರು ಮನೆಗಳಲ್ಲಿ ಸುಲಿದದ್ದೂ ಆಯಿತು, ಹೊಗಳಿಕೆಯೂ ಬಂತು. ನಾಲ್ಕನೆಯ ದಿನ ನನಗೆ ಕೋಣೆಯಲ್ಲಿ ಕೂರಲಾಗಲಿಲ್ಲ. ನನ್ನ ಪಟ್ಟಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕೆಂದು ಬೆಳಗಿನ ಬಸ್ಸು ಹತ್ತಿದೆ.

ಆ ದಿನದ ಸರದಿ ರುದ್ರಮ್ಮನದು. ಅರವತ್ತರ ಹತ್ತಿರದ ಒಂಟಿ ಹೆಂಗಸು. ಇಡೀ ವರ್ಷದ ಬೆಳೆ, ಆರು ಸಾವಿರ ಕಾಯಿ, ಅಟ್ಟದಲ್ಲಿತ್ತು. ನಾನು ಹೋಗುವಷ್ಟರಲ್ಲಿ ತಂಡದ ಮುಖ್ಯಸ್ಥ ಸಿದ್ದಪ್ಪ ಅಂಗಳದಲ್ಲಿ ಸುಲಿಯುವ ಸಲಾಕೆಗಳನ್ನು ನೆಟ್ಟಿದ್ದ, ಕೆಲಸ ಶುರುವಾಗಿತ್ತು. ಕಂಪ್ಯೂಟರಿನ ಮೇಡಂ ಬಂದರೆಂದು ರುದ್ರಮ್ಮ ಕಾಫಿ ಕೊಟ್ಟಳು. ಲೋಟ ನನ್ನ ಕೈಗಿಟ್ಟು, ಯಾರಿಗೂ ಕೇಳಿಸದಂತೆ ಕೇಳಿದಳು.

“ಮಿಷಿನ್ನು ಅಟ್ಟ ಹತ್ತಿ ನೋಡ್ತದಾ ಅವ್ವ?”

ನಾನು ನಕ್ಕೆ. ಹತ್ತಬೇಕಾಗಿಲ್ಲ, ದಿನಾಂಕ ನೋಡಿದರೆ ಅದಕ್ಕೆಲ್ಲ ತಿಳಿಯುತ್ತದೆ ಎಂದು ಪಾಠ ಹೇಳಿದೆ. ಆಕೆ ಅಂಗಳಕ್ಕೆ ಇಳಿಸಿದ್ದ ರಾಶಿಯಿಂದ ಒಂದು ಕಾಯಿ ಎತ್ತಿ ನನ್ನ ಕಿವಿಯ ಪಕ್ಕದಲ್ಲಿ ಅಲ್ಲಾಡಿಸಿದಳು. ಒಣಗಿದ ಕಾಯಿಯಾದರೆ ಒಳಗಿನ ಉಂಡೆ ಗಡಗಡ ಉರುಳಬೇಕು. ಇದರಲ್ಲಿ ನೀರು ಗುಳುಗುಳು ಎಂದಿತು.

“ಅಟ್ಟಕ್ ಹಾಕಿ ಆರೇ ತಿಂಗಳು ಕಣವ್ವ. ಬ್ಯಾಡ ಅಂದ್ರೆ ಸರದಿ ಹೋಯ್ತದೆ ಅಂತ ಸುಮ್ಕಿದ್ದೆ.”

ಆ ಕ್ಷಣಕ್ಕೆ ನನಗೆ ಎಲ್ಲವೂ ಹೊಳೆಯಿತು. ಕಾಯಿ ಫಾರಂನ ದಿನಾಂಕ ಅಟ್ಟಕ್ಕೆ ಹಾಕಿದ ದಿನ. ಕೊಬ್ಬರಿ ಫಾರಂನಲ್ಲಿ ಅದೇ ಜಾಗದ ದಿನಾಂಕ ಸುಲಿಯಲು ಸಿದ್ಧವಾದ ದಿನ. ನಾನು ಬರೀ ಫಾರಂನ ತಲೆಬರಹ ಬದಲಿಸಿದ್ದೆ. ಹಾಗಾಗಿ ಅಟ್ಟಕ್ಕೆ ಹಾಕಿದ ದಿನವೇ ಎಲ್ಲರ ಕಾಯಿಯೂ ಕೊಬ್ಬರಿಯಾಗಿಬಿಟ್ಟಿತ್ತು! ಮೊದಲ ಮೂರು ಮನೆಯವರದು ನಿಜಕ್ಕೂ ಹಳೆಯ ಕಾಯಿಯಾಗಿದ್ದರಿಂದ ತಪ್ಪು ಅಡಗಿ ಕೂತಿತ್ತು.

ಲೋಟ ಕೆಳಗಿಟ್ಟು ಓಡಿಹೋಗಿ ಸಿದ್ದಪ್ಪನ ಸಲಾಕೆಗೆ ಅಡ್ಡ ನಿಂತೆ. ನೀರಿರುವುದು ನಿಮಗೆ ಗೊತ್ತಾಗಲಿಲ್ಲವೇ ಎಂದು ಅವನ ಮೇಲೇ ರೇಗಿದೆ.

“ಗೊತ್ತಾಯ್ತು ಕಣಮ್ಮ. ಪಟ್ಟೀಲೈತಲ್ಲ, ನಾವು ಸುಲಿಯೋರು. ನಿಲ್ಸು ಅಂದ್ರೆ ನಿಲ್ಸ್ತೀವಿ, ಈಯಮ್ಮನ ಸರದಿ ಹೋಯ್ತದೆ ಅಷ್ಟೆ.”

ರುದ್ರಮ್ಮ ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ಸುಲಿದರೆ ಬೆಳೆ ಹೋಗುತ್ತದೆ, ನಿಲ್ಲಿಸಿದರೆ ಸರದಿ ಹೋಗುತ್ತದೆ. ನಾನು ಸಿದ್ದಪ್ಪನ ಕೈಯಿಂದ ಪಟ್ಟಿಯನ್ನು ಕಿತ್ತುಕೊಂಡು, ಅವಳ ಹೆಸರಿನ ಪಕ್ಕದಲ್ಲಿ ‘ತಪ್ಪು ನನ್ನದು, ಇವರ ಸರದಿ ಉಳಿದಿದೆ’ ಎಂದು ಬರೆದು ಸಹಿ ಹಾಕಿದೆ. ಹಾಗೆ ಬರೆಯುವ ಅಧಿಕಾರ ನನಗಿರಲಿಲ್ಲ. ಆಗಲೇ ಸುಲಿದಿದ್ದ ನಲವತ್ತು ಕಾಯಿಯನ್ನು ರುದ್ರಮ್ಮ ಎಲ್ಲರಿಗೂ ಹಂಚಿದಳು. ಬಸ್ಸಿನಲ್ಲಿ ನನ್ನ ಮಡಿಲಲ್ಲೂ ನಾಲ್ಕು ಕಾಯಿ.

ಶಂಕರಪ್ಪನವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿ, ಪಟ್ಟಿ ಹೊಸದಾಗಿ ಮಾಡಿಕೊಂಡು ಬಾ ಹೋಗಮ್ಮ, ಅಲ್ಲಿಯತನಕ ಸುಲಿಯುವುದು ನಿಲ್ಲಲಿ ಎಂದರು. ಒಂದು ವಾರ ಕೂತು, ಬರೆಯಬೇಕಿದ್ದ ಫಂಕ್ಷನ್ನನ್ನೇ ಬರೆದೆ. ಅಟ್ಟಕ್ಕೆ ಹಾಕಿದ ದಿನಕ್ಕೆ ಹನ್ನೊಂದು ತಿಂಗಳು ಸೇರಿಸುವ ಲೆಕ್ಕದ ಜೊತೆಗೆ, ಕಾಯಿ ಕ್ಲಾಸಿನಲ್ಲಿ ಐದನೆಯ ಅಂಕಣವನ್ನೂ ಇಟ್ಟೆ: ‘ಅಲ್ಲಾಡಿಸಿ ನೋಡಿದ್ದಾರೆಯೇ?’ ಹೌದು ಎಂಬ ಉತ್ತರ ಬರುವತನಕ ಆ ಕಾಯಿ ಕೊಬ್ಬರಿಯಾಗುತ್ತಿರಲಿಲ್ಲ. ಅದು ಮೊದಲ ಸಲ ಸರಿಯಾಗಿ ಓಡಿದಾಗ ಮತ್ತೆ ಕುಣಿದೆ, ಈ ಸಲ ಬಾಗಿಲು ಹಾಕಿಕೊಂಡು.

ಆಮೇಲೆ ಬಹಳ ವರ್ಷ ಈ ಕೆಲಸ ಮಾಡಿದೆ. ಕೆಲಸ ಕಲಿಸಿದ ಪಾಠ ಮಾತ್ರ ಆ ಅಂಗಳದ್ದೇ. ಅಂದು ಕಂಪೈಲರಿಗೆ ಅನುಮಾನವಿತ್ತು, ಸಿದ್ದಪ್ಪನಿಗೆ ಗೊತ್ತಿತ್ತು, ರುದ್ರಮ್ಮನಿಗಂತೂ ಖಾತ್ರಿಯಿತ್ತು. ಮೂವರ ಬಾಯಿಯನ್ನೂ ಮುಚ್ಚಿಸಿದ್ದು ನನ್ನ ಒಂದು ಸಾಲು. ತಕರಾರು ಹೇಳುವವರನ್ನು ಸುಮ್ಮನಿರಿಸುವ ಮುನ್ನ ಅವರು ಏನು ಹೇಳುತ್ತಿದ್ದಾರೆಂದು ಕೇಳಬೇಕೆಂಬುದನ್ನು ಮುಂದೆಂದೂ ಮರೆಯಲಿಲ್ಲ.

ಐದು ತಿಂಗಳ ನಂತರ ರುದ್ರಮ್ಮನ ಸರದಿ ಬಂತು. ಕರೆಯದಿದ್ದರೂ ಹೋದೆ. ಮೊದಲ ಚಿಪ್ಪು ಒಡೆದಾಗ ಉಂಡೆ ಎಲ್ಲೂ ಬಿರುಕಿಲ್ಲದೆ ಉರುಳಿ ಬಂತು. ಆಕೆ ಅದನ್ನು ಸೆರಗಿನಲ್ಲಿ ಒರೆಸಿ, ಎರಡು ಹೋಳು ಮಾಡಿ, ಒಂದನ್ನು ನನ್ನ ಕೈಗಿಟ್ಟಳು.

“ಮಿಷಿನ್ಗೆ ರುಚಿ ತಿಳಿಯಾಕಿಲ್ಲ. ನೀನು ತಿಂದು ಹೇಳವ್ವ.”