ಟವಲ್ ಹಾಕಿದ ಸೀಟು

ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ಬಾಗಿಲು ತೊಳೆದು ರಂಗೋಲಿ ಬಿಟ್ಟೆ, ಹುರುಳಿಕಾಳು ನೆನೆಹಾಕಿದೆ, ಚಟ್ನಿಪುಡಿಗೆ ಶೇಂಗಾ ಹುರಿದು ಸಿಪ್ಪೆ ಹಾರಿಸಿದೆ. ಹನ್ನೊಂದರ ಹೊತ್ತಿಗೆ ಪೋಸ್ಟ್‌ಮ್ಯಾನ್ ಬಂದ. ಸಹಿ ಹಾಕಿ ಲಕೋಟೆ ತೆಗೆದುಕೊಂಡೆ. ಒಳಗೆ ನನ್ನ ಪಾಸ್‌ಪೋರ್ಟ್ ಇತ್ತು. ಎಲ್ಲಿಡಬೇಕೆಂದು ತೋಚದೆ ಹಿಟ್ಟಿನ ಡಬ್ಬಿಯ ಮೇಲಿಟ್ಟು ಬಟ್ಟೆ ಒಗೆಯಲು ಹೋದೆ. "ಬಂತೇನಮ್ಮ?" ಎಂದು ಕಾಂಪೌಂಡಿನ ಆಚೆಯಿಂದ ದಿನವೂ ಕೇಳುತ್ತಿದ್ದವರು ತೀರಿಕೊಂಡು ಎರಡು ತಿಂಗಳಾಯಿತು.

ಅವರನ್ನು ನೆನೆದರೆ ಮೊದಲು ಕಾಣುವುದು ಎಡಗೈ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ಕಾಗದ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರ ಕೈ ಅದು. ನೋಟು ಹಾಗೆ ಹಿಡಿದು ಹಿಡಿದು, ನಿವೃತ್ತರಾದ ಮೇಲೂ ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ಡಾಕ್ಟರ ಚೀಟಿ ಏನು ಕೊಟ್ಟರೂ ಉದ್ದಕ್ಕೆ ಮಡಚಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಪಡಸಾಲೆಯಲ್ಲಿ ನಿಂತರೂ ಕಾಲು ಅಗಲಿಸಿಯೇ ನಿಲ್ಲುವರು, ನೆಲ ಈಗಲೋ ಆಗಲೋ ಹೊರಟುಬಿಡುತ್ತದೆ ಎನ್ನುವಂತೆ.

ಧರ್ಮಪುರದಿಂದ ಹಿರಿಯೂರಿನ ಮೇಲೆ ಹೊಸದುರ್ಗಕ್ಕೆ ಹೋಗುವ ಬೆಳಗಿನ ಬಸ್ಸು ಅವರದು. ಕಾಲೇಜಿಗೆ ಹೋಗಲು ಧರ್ಮಪುರದ ಈಚೆ ನಮ್ಮೂರ ಗೇಟಿನಲ್ಲಿ ನಾನು ಅದನ್ನು ಹತ್ತಬೇಕಿತ್ತು. ಅಷ್ಟರಲ್ಲಿ ಎಮ್ಮೆ ಕರೆದು ಡೇರಿಗೆ ಹಾಲು ಹಾಕಿರಬೇಕು. ಅದು ಆಗದಿದ್ದರೆ ಕಾಲೇಜು ಬಿಡು ಎಂದಿದ್ದರು ಅಪ್ಪ. "ಬಂದೆ, ಬಂದೆ" ಎಂದು ಕೂಗುತ್ತ ಹೊಲದ ಬದುವಿನ ಮೇಲೆ ಓಡುತ್ತಿದ್ದೆ. ಡ್ರೈವರು ಹಾರನ್ ಒತ್ತುವನು. "ತಡಿಯಲೇ, ಎಮ್ಮೆ ಅವಳನ್ನ ಬಿಡಬೇಕಲ್ಲ" ಎಂದು ಇವರು ಬಾಗಿಲಲ್ಲೇ ನಿಂತಿರುವರು. ಕಿಟಕಿ ಪಕ್ಕದ ಒಂದು ಸೀಟಿನ ಮೇಲೆ ಅವರದೇ ಕೆಂಪಂಚಿನ ಟವಲ್ ನನಗಾಗಿ ಬಿದ್ದಿರುತ್ತಿತ್ತು.

ಒಂದು ದಿನ ಸಂತೆಗೆ ಹೊರಟಿದ್ದವರೊಬ್ಬರು ರೇಗಿದರು. "ಏನ್ ಕಂಡಕ್ಟ್ರೇ, ದಿನಾ ಇದೇ ಆಯ್ತಲ್ಲ. ನಿಮ್ ಮಗಳೇನು?"

"ಟವಲ್ ಹಾಕಿದ ಸೀಟು ಬಿಟ್ಟು ನನ್ ಬಸ್ಸು ಹೊರಡಲ್ಲ. ಅವಸರ ಇದ್ರೆ ಇಳಿದು ನಡ್ಕಂಡ್ ಹೋಗ್ರಿ."

ದಿನಕ್ಕೆ ಎರಡೇ ನಿಮಿಷ. ಮೂರು ವರ್ಷ ಹಾಗೆ ನಿಂತ ಎರಡು ನಿಮಿಷಗಳಲ್ಲಿ ನನ್ನ ಡಿಗ್ರಿ ಆಯಿತು.

ಮದುವೆಯಾಗಿ ಹಿರಿಯೂರಿಗೆ ಬಂದ ಎಷ್ಟೋ ವರ್ಷಕ್ಕೆ ನಾವು ಮನೆ ಬದಲಿಸಿದೆವು. ಪಕ್ಕದ ಮನೆ ಅವರದಾಗಿತ್ತು. ನನಗೆ ಅವರು ಮಾಮ, ಅವರ ಹೆಂಡತಿ ಅತ್ತೆ. ಅವರಿಗೆ ಮಕ್ಕಳಿರಲಿಲ್ಲ.

ಮಾಮನಿಗೆ ಉಜ್ಬೇಕಿಸ್ತಾನದ ಗೀಳು ಹತ್ತಿದ್ದು ಮೊಬೈಲಿನಲ್ಲಿ ನೀಲಿ ಗುಮ್ಮಟಗಳ ಊರೊಂದನ್ನು ನೋಡಿ. "ನಮ್ಮಪ್ಪ ಕುರಿ ಹಿಂದೆ ಹೋದ. ನಾನು ಡಿಪೋದೋರು ಹಾಕಿದ ರೂಟಲ್ಲಿ ಹೋದೆ. ಸಾಯಾದ್ರೊಳಗೆ ಒಂದು ರೂಟು ನಾನೇ ಹಾಕ್ಕಬೇಕು" ಎಂದರು. ಅವರು ನನ್ನಲ್ಲಿ ಅಷ್ಟು ಗಂಭೀರವಾಗಿ ಮಾತಾಡಿದ್ದು ಅದೊಂದೇ ಸಲ.

ಹಾಕಿದರು. ಇಪ್ಪತ್ತೆರಡು ದಿನ. ತಾಷ್ಕೆಂಟ್, ಸಮರಕಂದ, ಬುಖಾರ, ಆಮೇಲೆ ಮರುಭೂಮಿ, ಅದರಾಚೆ ಮಣ್ಣಿನ ಕೋಟೆಯ ಖೀವಾ. ಬಸ್ಸಿನ ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದು, ಒಂದೊಂದು ಊರಿನ ಮುಂದೂ ಎರಡು ಅಂಕಣ: ಇಳಿಯುವವರು ಎರಡು, ಹತ್ತುವವರು ಎರಡು. ಬುಖಾರದಿಂದ ಖೀವಾಕ್ಕೆ ರೈಲಿದ್ದರೂ ಬೇಡವೆಂದರು. "ರೈಲಲ್ಲಿ ಮಲ್ಕಂಡ್ ಹೋದ್ರೆ ಮರಳು ಕಾಣಾದೆಂಗೆ? ರೋಡಲ್ಲೇ ಹೋಗಾಣ. ಹಿರಿಯೂರಿಂದ ಬೆಂಗ್ಳೂರಿಗೆ ಹೋಗಿ, ಬಂದು, ಇನ್ನೊಂದ್ಸಲ ಹೋದಂಗೆ ಐತೆ, ಅಷ್ಟೆ." ಮಧ್ಯೆ ಎರಡು ರಾತ್ರಿ ಕುರಿಯುಣ್ಣೆಯ ಗುಡಾರದಲ್ಲಿ ಮಲಗುವುದು.

ಅತ್ತೆ ಹೂ ಕಟ್ಟುತ್ತ ಕೇಳಿದರು. "ಅಷ್ಟು ದೂರ ಹೋಗಿ ಕುರಿ ವಾಸ್ನೇಲಿ ಮಲಗಾಕೆ? ಮತ್ತೋಡಿಗೆ ನಮ್ಮಣ್ಣನ ಮನೆಗೆ ಹೋದ್ರೆ ಪುಕ್ಸಟ್ಟೆ ಸಿಗ್ತೈತೆ."

"ಅಲ್ಲಿ ನಿಮ್ಮಣ್ಣನ ಗೊರಕೆ ಐತಲ್ಲ."

ನಾನು ನಗುತ್ತ, "ನಾನೂ ಬರ್ತೀನಿ ಮಾಮ" ಎಂದೆ. ಕಾಗದ ನೋಡುತ್ತಿದ್ದವರು ತಲೆಯೆತ್ತಿದರು. ಪೆನ್ನು ತೆಗೆದು ಎಲ್ಲ ಊರುಗಳ ಮುಂದಿದ್ದ ಎರಡನ್ನು ತಿದ್ದಿ ಮೂರು ಮಾಡಿದರು. ನಮ್ಮ ಮನೆಯವರು ತಿರುಪತಿಗೇ ಒಲ್ಲೆ ಎನ್ನುವ ಜಾತಿ. "ನೀನು ಹೋಗಿ ಬಾ" ಎಂದರು. ತಡೆದವರು ಯಾರೂ ಇರಲಿಲ್ಲ. ಇಪ್ಪತ್ತೆರಡು ದಿನ ಒಲೆ ಬಿಟ್ಟಿರಲು ನನಗೇ ಧೈರ್ಯ ಬರಲಿಲ್ಲ.

ಆ ದೇಶಕ್ಕೆ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಹೋಗುವ ಹಾಗಿಲ್ಲ. ಯುಗಾದಿ ಕಳೆದು ಹೊರಡಬೇಕು, ಇಲ್ಲವೇ ಗಣಪತಿ ಹಬ್ಬ ಕಳೆದು. ಮೊದಲ ಯುಗಾದಿಗೆ ನಾನು ಮಗಳ ಪರೀಕ್ಷೆ ಎಂದೆ. ಗಣಪತಿ ಹಬ್ಬ ಕಳೆದಾಗ ಪಿತೃಪಕ್ಷ ಎಂದೆ. ಮರುವರ್ಷದ ಯುಗಾದಿಗೆ ತಂಗಿಯ ಮನೆಯ ಗೃಹಪ್ರವೇಶ ಬಂತು. ಪಾಸ್‌ಪೋರ್ಟಿಗೆ ಹಾಕಿದೆಯಾ ಎಂದರೆ, "ಹಾಕೀನಿ ಮಾಮ, ಬರ್ತೈತೆ" ಎನ್ನುತ್ತಿದ್ದೆ. ಹಾಕಿರಲಿಲ್ಲ. ಬಟ್ಟೆ ಒಣಹಾಕುವಾಗ ದಿನವೂ "ಬಂತೇನಮ್ಮ?" ದಿನವೂ "ಇನ್ನೂ ಇಲ್ಲ ಮಾಮ." ಸರಿ ಎಂದು ಕಾಲು ಅಗಲಿಸಿಕೊಂಡು ಒಳಗೆ ಹೋಗುವರು. ಹಾಗೆ ಎರಡು ವರ್ಷ ಮುದುಕರೊಬ್ಬರಿಗೆ ಸುಳ್ಳು ಹೇಳಿದೆ.

ಶ್ರಾವಣದ ಒಂದು ಬೆಳಿಗ್ಗೆ, ಪೇಪರಿಗೆ ಕಾಯುತ್ತ ಜಗಲಿಯ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ. ಪೇಪರಿನ ಹುಡುಗ ಮಡಿಲಿಗೇ ಹಾಕಿ ಹೋಗಿದ್ದ.

ಹನ್ನೊಂದು ದಿನದ ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆ ಹೇಳಿದರು. ಒಂದು ವರ್ಷದ ಹಿಂದೆಯೇ ಚಿತ್ರದುರ್ಗದಲ್ಲಿ ಡಾಕ್ಟರು ಹೃದಯ ಸೋತಿದೆ ಎಂದಿದ್ದರಂತೆ. ಹೋಗುವುದಿದ್ದರೆ ಬೇಗ ಹೋಗಿ ಬನ್ನಿ ಎಂದೂ ಹೇಳಿದ್ದರಂತೆ.

"ನಾವಿಬ್ರೇ ಹೋಗಾಣ ಬರ್ರಿ ಅಂದೆ. ಅವ್ಳು ಟವಲ್ ಹಾಕ್ಯಾಳೆ ಕಣೇ, ಬಿಟ್ ಹೋಗಾದೆಂಗೆ ಅಂದ್ರು."

"ಅತ್ತೆ, ನಾನು ಅರ್ಜಿನೇ ಹಾಕಿರಲಿಲ್ಲ."

"ಅದೂ ಗೊತ್ತಿತ್ತು ಅವ್ರಿಗೆ. ಬಂದೆ ಅಂತ ಕೂಗೋರು ಒಳಗಿನ್ನೂ ಸೀರೆ ಉಡ್ತಿರ್ತಾರೆ, ನಾನು ಕಾಣದ್ದಾ ಅನ್ನೋರು. ಆದ್ರೂ ಬರ್ತಾಳೆ, ಲೇಟಷ್ಟೆ, ಅನ್ನೋರು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮರುದಿನವೇ ಹೋಗಿ ಅರ್ಜಿ ಹಾಕಿದೆ.

ಇವತ್ತು ಸಂಜೆ ಪಾಸ್‌ಪೋರ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಅತ್ತೆಯ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ನನ್ನ ಫೋಟೋ ನೋಡಿದರು. "ಬಂತಾ" ಎಂದರು. ಬೀರು ತೆಗೆದು ಮಾಮನ ಕಾಗದದ ಕಂತೆಯನ್ನು ಹೊರತಂದರು. ಉದ್ದಕ್ಕೆ ಮಡಚಿದ ಹಾಳೆಗಳು, ಮಡಿಕೆಯಲ್ಲಿ ಹರಿಯುತ್ತಿದ್ದವು. ಇಳಿಯುವವರು ಮೂರು, ಹತ್ತುವವರು ಮೂರು, ಕೊನೆಯ ಊರಿನವರೆಗೂ. ಪಾಸ್‌ಪೋರ್ಟನ್ನು ಅದರ ನಡುವೆ ಇಟ್ಟು ಬೀರು ಮುಚ್ಚಿದರು.

ಮುದ್ದೆ, ಹುರುಳಿಕಾಳಿನ ಸಾರು ತೆಗೆದುಕೊಂಡು ಹೋಗಿದ್ದೆ. ಅತ್ತೆ ಅರ್ಧ ಮುದ್ದೆ ಉಂಡು ಸಾಕೆಂದರು, ಉಳಿದದ್ದನ್ನು ನಾನು ಉಂಡೆ. ಮಾಮ ಹೋದಂದಿನಿಂದ ಅವರ ಜೊತೆಗೆ ನಾನೇ ಮಲಗುತ್ತೇನೆ. ಪಾತ್ರೆ ತೊಳೆದು, ನಮ್ಮ ಮನೆಗೆ ಹೋಗಿ ಹಾಲಿಗೆ ಹೆಪ್ಪು ಹಾಕಿ ಬರುವಷ್ಟರಲ್ಲಿ ಅತ್ತೆ ನಿದ್ದೆ ಹೋಗಿದ್ದರು, ಗೋಡೆಯ ಕಡೆಗೆ ಸರಿದು. ಚಾಪೆಯ ಈಚೆಯ ಅರ್ಧದ ಮೇಲೆ ಕೆಂಪಂಚಿನ ಟವಲ್ ಹಾಕಿತ್ತು.